ಚೌಡಮ್ಮನ ಮರಿ

ಜಗಳೂರು
18 ಆಗಸ್ಟ್ 2024

ಅಮ್ಮಾ,

ನಿನ್ನೆ ಫೋನಿನಲ್ಲಿ ಏನೂ ಹೇಳಲಿಲ್ಲ ಎಂದು ಬೇಜಾರು ಮಾಡಿಕೊಳ್ಳಬೇಡ. ನಿನ್ನ ಫೋನು ನಿನ್ನದಲ್ಲ, ಇಡೀ ಮನೆಯದು. ಸ್ಪೀಕರ್ ಹಾಕಿ ಊಟದ ತಟ್ಟೆಗಳ ನಡುವೆ ಇಟ್ಟರೆ ಅಜ್ಜಿಯದೊಂದು ಪ್ರಶ್ನೆ, ಚಿಕ್ಕಮ್ಮನದೊಂದು ಪ್ರಶ್ನೆ, ಕೊನೆಗೆ ಅಪ್ಪಾಜಿಯ ಕೆಮ್ಮು. ಆ ಕೆಮ್ಮಿನ ಅರ್ಥ ನನಗೆ ಚೆನ್ನಾಗಿ ಗೊತ್ತು. ಮಿಷನ್ನಿನವರ ಕೆಲಸ ಸಾಕು, ಮನೆಗೆ ಬಾ ಎಂದು. ಅದಕ್ಕೇ ಈ ಕಾಗದ. ಅಂಚೆಯವರು ಬರುವ ಹೊತ್ತಿಗೆ ಅಪ್ಪಾಜಿ ಅಡಿಕೆ ಮಂಡಿಯಲ್ಲಿರುತ್ತಾರೆ, ಅಜ್ಜಿ ಮಲಗಿರುತ್ತಾಳೆ. ನೀನೊಬ್ಬಳೇ ಕೂತು ಓದಬಹುದು.

ಏನು ಕೆಲಸ ಮಾಡುತ್ತೀ ಎಂದು ಕೇಳಿದ್ದೆ. ಆಡು ಕೊಡುವ ಕೆಲಸ. ನಗಬೇಡ. ಅಷ್ಟು ಓದಿಸಿದ್ದು ಆಡು ಕಾಯುವುದಕ್ಕಾ ಎಂದು ಅಪ್ಪಾಜಿ ಕೇಳಿದರೆ ಹೌದು ಎನ್ನು. ನಮ್ಮ ಸಂಸ್ಥೆಯನ್ನು ನಡೆಸುವುದು ಇಂಗ್ಲೆಂಡಿನ ಕೆಲವು ಚರ್ಚುಗಳ ಜನ. ಬಡತನ ಎಲ್ಲಿದೆಯೋ ಅಲ್ಲಿಗೆ ಹೋಗುತ್ತಾರೆ. ಮಲಾವಿ, ಇಥಿಯೋಪಿಯಾ, ನೇಪಾಳ, ನಮ್ಮ ಜಗಳೂರು ತಾಲ್ಲೂಕು, ಎಲ್ಲ ಕಡೆಗೂ ನಿಯಮ ಒಂದೇ. ಒಂದು ಮನೆಗೆ ಒಂದು ಹೆಣ್ಣಾಡು ಕೊಡುತ್ತೇವೆ. ಅದು ಈದ ಮೊದಲ ಹೆಣ್ಣು ಮರಿಯನ್ನು ಆ ಮನೆಯವರೇ ಸಾಕಿ, ಹಾಲು ಬಿಟ್ಟ ಮೇಲೆ ಸರದಿಯಲ್ಲಿರುವ ಮುಂದಿನ ಮನೆಗೆ ಕೊಡಬೇಕು. ಆ ಮನೆಯವರು ಅದರ ಮುಂದಿನವರಿಗೆ. ಒಂದು ಸಲ ಆಫೀಸಿನಿಂದ ಹೋದರೆ ಆಮೇಲೆಲ್ಲ ನೆರೆಹೊರೆಯವರ ಕೈಯಿಂದಲೇ ಹೋಗಬೇಕು.

ಇಲ್ಲೊಂದು ಹಟ್ಟಿಯಲ್ಲಿ ದುರುಗಕ್ಕ ಎಂಬಾಕೆಗೆ ಮೊದಲ ಆಡು ಕೊಟ್ಟಿದ್ದೆವು. ಐವತ್ತು ದಾಟಿದ, ಬಾಯಿ ಜೋರಿನ ಹೆಂಗಸು. ಆ ಆಡು ಹೆಣ್ಣು ಮರಿ ಹಾಕಿದೆ. ಅದು ಹೋಗಬೇಕಾದದ್ದು ಕರಿಬಸಮ್ಮನ ಮನೆಗೆ. ಅವಳ ಗಂಡ ತೀರಿಕೊಂಡಿದ್ದಾನೆ. ಪ್ರತಿ ವರ್ಷ ಕಾಫಿ ಕೊಯ್ಲಿಗೆ ಚಿಕ್ಕಮಗಳೂರಿನ ಕಡೆ ಹೋಗುತ್ತಾಳೆ, ಮಗಳು ಅರ್ಪಿತಾಳ ಶಾಲೆಯೂ ಪ್ರತಿ ವರ್ಷ ಅರ್ಧಕ್ಕೇ ನಿಲ್ಲುತ್ತದೆ. ಆಡೊಂದು ಬಂದರೆ ಊರಲ್ಲೇ ಉಳಿಯುತ್ತೇನೆ, ಆಡನ್ನು ಕಟ್ಟಿಕೊಂಡು ಎಸ್ಟೇಟಿಗೆ ಹೋಗಲಾಗುತ್ತದೆಯೇ ಎನ್ನುತ್ತಾಳೆ. ಮಾರ್ಚ್ ತಿಂಗಳೊಳಗೆ ಈ ಹಟ್ಟಿಯಲ್ಲಿ ಮರಿ ಕೈ ಬದಲಾದರೆ ಇನ್ನಷ್ಟು ಹಟ್ಟಿಗಳಿಗೆ ಆಡು ಬರುತ್ತದೆ. ಇಲ್ಲದಿದ್ದರೆ ಇಲ್ಲಿಯ ಕೆಲಸ ನಿಲ್ಲಿಸುತ್ತಾರೆ, ನನ್ನದೂ ಅದರ ಜೊತೆಗೇ ಹೋಗುತ್ತದೆ.

ನಾನೊಂದು ಜಾಣತನ ಮಾಡಿದ್ದೇನೆ, ಕೇಳು. ಕೊಡಬೇಕಾದ ಮರಿಯ ಗುರುತಿಗೆಂದು ಕಿವಿಗೆ ಪ್ಲಾಸ್ಟಿಕ್ ಬಿಲ್ಲೆ ಹಾಕುವ ಪದ್ಧತಿ. ಇಲ್ಲಿಯ ಜಾಲಿ ಮುಳ್ಳಿಗೆ ಸಿಕ್ಕಿ ಎರಡೇ ವಾರದಲ್ಲಿ ಅದು ಹರಿದುಹೋಯಿತು. ಅದಕ್ಕೆ ಪಶು ಆಸ್ಪತ್ರೆಯವರನ್ನು ಕರೆಸಿ ಬಲಗಿವಿಯ ತುದಿಯನ್ನೇ ಸ್ವಲ್ಪ ಕುಯ್ಯಿಸಿದೆ. ಇನ್ನು ಗುರುತು ಹೋಗುವ ಮಾತೇ ಇಲ್ಲ. ಹಟ್ಟಿಯವರಿಗೆ ಅದೆಷ್ಟು ಸಂತೋಷವಾಯಿತೆಂದರೆ, ದುರುಗಕ್ಕ ಮರಿಯ ಹಣೆಗೆ ಅರಿಶಿನ ಹಚ್ಚಿದಳು, ನನಗೆ ಕಾಯಿ ಬೆಲ್ಲ ಕೊಟ್ಟಳು. ಕರಿಬಸಮ್ಮನೂ ಕೈ ಮುಗಿದಳು. ನಿಯಮವನ್ನು ಇಷ್ಟು ಚೆನ್ನಾಗಿ ಒಪ್ಪಿಕೊಂಡ ಹಟ್ಟಿಯನ್ನು ನಾನು ನೋಡೇ ಇಲ್ಲ.

ಕೊರಳಲ್ಲಿ ಲಿಂಗ ಇದೆ, ಅಜ್ಜಿಗೆ ಹೇಳು. ಯಾರೂ ತೆಗೆ ಎಂದಿಲ್ಲ.

ನಿನ್ನ ಮಗಳು
ಸುಚಿತ್ರಾ

---

ಹೊನ್ನಾಳಿ
5 ಸೆಪ್ಟೆಂಬರ್ 2024

ಚಿ. ಸುಚಿತ್ರಾ,

ಕಾಗದ ಓದಿ ಅಕ್ಕಿ ಡಬ್ಬಿಯ ಹಿಂದೆ ಇಟ್ಟಿದ್ದೇನೆ. ನಾನು ಮದುವೆಯಾಗಿ ಬಂದ ಮೇಲೆ ನನ್ನ ಹೆಸರಿಗೆ ಬಂದ ಮೊದಲ ಕಾಗದ ಇದು. ಪ್ರೇಮಮ್ಮ ಅಂದರೆ ಯಾರು ಎಂದು ಅಂಚೆಯವರು ನನ್ನನ್ನೇ ಕೇಳಿದರು.

ಆಡಿನ ವಿಷಯ ಓದಿ ನಗು ಬಂತು. ಚಿಕ್ಕವಳಿದ್ದಾಗ ಕತ್ತಲಗೆರೆಯಲ್ಲಿ ನಮ್ಮಪ್ಪನ ಮನೆಯ ಕರು ಕೈ ನೆಕ್ಕಿದರೆ ಊರು ಕೇಳುವ ಹಾಗೆ ಅಳುತ್ತಿದ್ದವಳು ನೀನು.

ಚನ್ನಗಿರಿಯಿಂದ ಒಂದು ಸಂಬಂಧ ಬಂದಿದೆ. ಹುಡುಗನ ಹೆಸರು ರೇಣುಕಪ್ರಸಾದ್, ಗೊಬ್ಬರದ ಅಂಗಡಿ ಇದೆ. ಹುಡುಗಿ ಎಲ್ಲಿ ಕೆಲಸ ಮಾಡುತ್ತಾಳೆ ಎಂದು ಅವರು ಕೇಳಿದ್ದಕ್ಕೆ ನಿಮ್ಮ ಅಪ್ಪಾಜಿ ಪಶುಸಂಗೋಪನೆಯ ಕಡೆ ಎಂದರು. ಪಶು ಅನ್ನುವುದಂತೂ ಸುಳ್ಳಲ್ಲ, ಸುಮ್ಮನಿದ್ದೆ. ಆದರೆ ಒಂದು ಮಾತು ನನಗೆ ನೇರವಾಗಿ ಹೇಳು. ನಿಮ್ಮ ಆಫೀಸಿನ ಆ ಸಲೋಮಿ ಮೇಡಂ ನಿನಗೆ ಪ್ರಾರ್ಥನೆ ಮಾಡು ಅನ್ನುತ್ತಾರಾ? ಚಿಕ್ಕಮ್ಮ ದಿನಾ ಒಂದೊಂದು ಕಥೆ ತರುತ್ತಾಳೆ. ನಾನು ನಂಬುವುದಿಲ್ಲ, ಆದರೂ ಕೇಳಿದ ದಿನ ಊಟ ಸೇರುವುದಿಲ್ಲ.

ಅಮ್ಮ

---

ಜಗಳೂರು
9 ಡಿಸೆಂಬರ್ 2024

ಅಮ್ಮಾ,

ಇಷ್ಟು ದಿನ ಬರೆಯದೆ ಈಗ ಅಳುತ್ತಾ ಬರೆಯುತ್ತಿದ್ದೇನೆ, ಅಕ್ಷರ ಕಲಸಿದ್ದರೆ ಕ್ಷಮಿಸು.

ಮೊದಲು ನಿನ್ನ ಪ್ರಶ್ನೆಗೆ ಉತ್ತರ. ಸಲೋಮಿ ಮೇಡಂ ನ್ಯಾಮತಿಯವರು, ನಮ್ಮ ಪಕ್ಕದೂರಿನವರೇ. ಬೆಳಿಗ್ಗೆ ಆಫೀಸು ತೆಗೆದ ಮೇಲೆ ಎರಡು ನಿಮಿಷ ಕಣ್ಣು ಮುಚ್ಚಿ ಕೂರುತ್ತಾರೆ. ನಾನು ಆ ಹೊತ್ತಿಗೆ ಚಹಾ ಕಾಸುತ್ತೇನೆ. ನಮ್ಮಿಬ್ಬರ ಧರ್ಮದ ವ್ಯವಹಾರ ಅಷ್ಟೇ.

ಈಗ ನನ್ನ ಜಾಣತನದ ಕಥೆ. ಮೊನ್ನೆ ಶನಿವಾರ ಮರಿ ಕೊಡುವ ದಿನ. ಮೇಡಂ ಬಂದಿದ್ದರು, ಹಟ್ಟಿಯ ಹೆಂಗಸರೆಲ್ಲ ಕಟ್ಟೆಯ ಹತ್ತಿರ ಸೇರಿದ್ದರು. ನಾನು ಹಗ್ಗವನ್ನು ದುರುಗಕ್ಕನ ಕೈಯಲ್ಲಿಟ್ಟು, ಕರಿಬಸಮ್ಮನಿಗೆ ಕೊಡು ಎಂದೆ. ಕರಿಬಸಮ್ಮ ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹಿಂದೆ ಸರಿದಳು.

"ಬ್ಯಾಡ್ರೀ ಮೇಡಮ್ಮ. ಅದು ಚೌಡಮ್ಮಂದು. ನನಗೆ ಇರೋದೊಂದು ಮಗಳು, ಅದು ಚೆಂದಾಗಿರ್ಬೇಕು."

"ಚೌಡಮ್ಮಂದು ಅಂತ ಯಾರು ಹೇಳಿದ್ದು?" ಎಂದೆ.

ಎಲ್ಲರೂ ನನ್ನ ಮುಖ ನೋಡಿದರು. ದುರುಗಕ್ಕನೇ ಬಾಯಿ ಬಿಟ್ಟಳು. "ನೀವೇ ಅಲ್ಲೇನ್ರೀ ಬಿಟ್ಟಿದ್ದು? ಬಲಗಿವಿ ಕುಯ್ಸಿದ್ರಲ್ಲ! ಏಸುನೋರು ನಮ್ಮವ್ವಂಗೆ ಮರಿ ಬಿಟ್ರು ಅಂತ ಇಡೀ ಹಟ್ಟಿ ಹಿಗ್ಗಿತ್ತು. ಕರಿಬಸಿಗೆ ಬ್ಯಾರೆ ಮರಿ ತರ್ತೀರಿ ಅಂತ ಮಾಡಿದ್ವಿ."

ಅಮ್ಮಾ, ಇಲ್ಲಿ ಬಲಗಿವಿಯ ತುದಿ ಕುಯ್ದರೆ ಆ ಪ್ರಾಣಿ ದೇವಿಗೆ ಸೇರಿತು ಎಂದು ಅರ್ಥವಂತೆ. ಹೆಣ್ಣಾದರೆ ಕಡಿಯುವುದಿಲ್ಲ, ಹಾಗೇ ಬಿಟ್ಟುಬಿಡುತ್ತಾರೆ. ಮಾರುವಂತಿಲ್ಲ, ಹಾಲು ಕರೆಯುವಂತಿಲ್ಲ, ತನ್ನದು ಎಂದು ಯಾರೂ ಗೂಟಕ್ಕೆ ಕಟ್ಟುವಂತಿಲ್ಲ. ಅವತ್ತು ನನಗೆ ಕಾಯಿ ಬೆಲ್ಲ ಕೊಟ್ಟಿದ್ದು ಯಾಕೆಂದು ಈಗ ತಿಳಿಯಿತು. ನಾಚಿಕೆಯಿಂದ ಭೂಮಿಗಿಳಿದುಹೋದೆ.

ಇದು ಗುರುತು ಮಾತ್ರ, ಹರಕೆ ಅಲ್ಲ, ತಿಳಿಯದೆ ಮಾಡಿದ್ದು ಎಂದು ಮೇಡಂ ಬಹಳ ಹೊತ್ತು ಹೇಳಿದರು. ಕರಿಬಸಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ನಿಮಗೆ ಗೊತ್ತಿರ್ಲಿಲ್ಲ, ಖರೆ. ಅವ್ವಂಗೆ ಗೊತ್ತಾಗೈತಲ್ಲ" ಎಂದಳು.

ಹೊಟ್ಟೆ ಉರಿಯುವುದು ಇದಕ್ಕೆ. ಕಾಫಿ ಕೊಯ್ಲಿನ ಮೇಸ್ತ್ರಿ ದೀಪಾವಳಿಗೇ ಕರೆಯಲು ಬಂದಿದ್ದ. ಈ ಸಲ ಬರುವುದಿಲ್ಲ, ನನಗೆ ಆಡು ಬರುತ್ತದೆ ಎಂದು ಕರಿಬಸಮ್ಮ ವಾಪಸು ಕಳಿಸಿದ್ದಳು. ದುರುಗಕ್ಕನ ಆಡು ಇನ್ನೊಂದು ಸಲ ಈಯುವವರೆಗೆ ಕಾದು ಕೂರುವ ಶಕ್ತಿ ಅವಳಿಗಿಲ್ಲ. ಅರ್ಪಿತಾ ಏಳನೇ ತರಗತಿ. ಈ ಸಲವೂ ಬಿಟ್ಟು ಹೋದರೆ ಮತ್ತೆ ಶಾಲೆಗೆ ಬರುವುದಿಲ್ಲ ಎಂದು ಅವಳ ಮೇಷ್ಟ್ರು ಹೇಳುತ್ತಾರೆ.

ಸುಚಿತ್ರಾ

---

ಹೊನ್ನಾಳಿ
17 ಡಿಸೆಂಬರ್ 2024

ಚಿ. ಸುಚಿತ್ರಾ,

ಮೊದಲು ನಕ್ಕೆ. ಆಮೇಲೆ ನಿನ್ನ ಮೇಲೆ ಸಿಟ್ಟು ಬಂತು. ಕಿವಿ ಕುಯ್ಯಿಸುವ ಮೊದಲು ಅಲ್ಲಿರುವ ಒಬ್ಬ ಮುದುಕಿಯನ್ನಾದರೂ ಕೇಳಬಾರದಿತ್ತೇನೇ? ಕೇಳಿದರೆ ಕಿರೀಟ ಬಿದ್ದುಹೋಗುತ್ತಿತ್ತೇ? ಈ ವಿಷಯದಲ್ಲಿ ನೀನು ಸಾಕ್ಷಾತ್ ನಿಮ್ಮ ಅಪ್ಪಾಜಿಯ ಮಗಳು.

ಆಯಿತು, ಅಳು ನಿಲ್ಲಿಸು. ನಮ್ಮ ಕತ್ತಲಗೆರೆಯಲ್ಲಿ ದೇವರಿಗೆ ಬಿಟ್ಟ ಹೋರಿಯನ್ನು ಒಂದು ಸಲ ವಾಪಸು ಕೇಳಿದ್ದರು. ದೇವರ ಎರಡು ಭುಜಕ್ಕೂ ಒದ್ದೆ ಹೂ ಅಂಟಿಸಿ, ಬಿಟ್ಟುಕೊಡುತ್ತೀಯಾ ಎಂದು ಅಪ್ಪಣೆ ಕೇಳುವುದು. ಬಲಗಡೆಯ ಹೂ ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಅಲ್ಲಿಯೂ ಪೂಜಾರಪ್ಪ ಇರುತ್ತಾನೆ, ಕೇಳಿಸು. ಚೌಡಮ್ಮನೂ ಹೆಂಗಸೇ, ಕರಿಬಸಮ್ಮನ ಕಷ್ಟ ಅವಳಿಗೆ ತಿಳಿಯುತ್ತದೆ. ನಿಮ್ಮ ಮಿಷನ್ನಿನವರು ಒಪ್ಪದಿದ್ದರೆ ನೀನು ದೂರ ನಿಂತುಕೋ.

ಇನ್ನೊಂದು ವಿಷಯ. ಚನ್ನಗಿರಿಯವರು ಭಾನುವಾರ ಮನೆಗೆ ಬಂದಿದ್ದರು. ಹುಡುಗನ ತಾಯಿ ನನ್ನನ್ನು ಅಡುಗೆಮನೆಗೆ ಕರೆದು ನಿಜವಾದ ಕೆಲಸ ಏನೆಂದು ಕೇಳಿದಳು. ಇದ್ದದ್ದು ಇದ್ದ ಹಾಗೆ ಹೇಳಿದೆ. ಮದುವೆಗೆ ಮೊದಲು ಅದನ್ನು ಬಿಟ್ಟು ಬರಲಿ ಎಂದಳು. ನನ್ನ ಮಗಳು ಬಿಡುವುದಿಲ್ಲ ಎಂದೆ. ನಿನ್ನನ್ನು ಕೇಳದೆಯೇ ಹೇಳಿಬಿಟ್ಟೆ. ಅವರು ಚಹಾ ಕುಡಿದು ಎದ್ದು ಹೋದರು. ಅಪ್ಪಾಜಿ ಅಂದಿನಿಂದ ನನ್ನ ಜೊತೆ ಮಾತಾಡುತ್ತಿಲ್ಲ, ಉಪ್ಪು ಬೇಕಾದರೂ ಚಿಕ್ಕಮ್ಮನನ್ನು ಕೇಳುತ್ತಾರೆ. ಕೇಳಲಿ. ನೀನು ನಿನ್ನ ಕೆಲಸ ನೋಡು.

ಅಮ್ಮ

---

ಜಗಳೂರು
8 ಜನವರಿ 2025

ಅಮ್ಮಾ,

ನಿನ್ನ ಕಾಗದವನ್ನು ಮೇಡಂಗೆ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಮ್ಮ ಸಂಸ್ಥೆ ಚೌಡಮ್ಮನಿಗೆ ಅರ್ಜಿ ಹಾಕಿತು ಅಂತ ಇಂಗ್ಲೆಂಡಿಗೆ ನಾನು ಹೆಂಗೆ ಬರೀಲಿ ಸುಚಿತ್ರಾ? ಆದ್ರೆ ದುರುಗಕ್ಕ ತನ್ನ ದೇವರನ್ನ ತಾನು ಕೇಳಾಕೆ ನನ್ನ ಅಪ್ಪಣೆ ಏನೂ ಬೇಕಿಲ್ಲ. ಅವಳು ಕೇಳಲಿ. ನಾನು ಬಂದು ಹೊರಗೆ ಕೂರ್ತೀನಿ" ಎಂದರು.

ನಿನ್ನೆ ಮಂಗಳವಾರ ಕೇಳಿದರು. ಪೂಜಾರಿ ದೊಡ್ಡಣ್ಣ ಸ್ನಾನ ಮಾಡಿ ಒದ್ದೆ ಪಂಚೆಯಲ್ಲೇ ಬಂದು ಎರಡು ಕಣಗಿಲೆ ಹೂ ಅಂಟಿಸಿದ. ಗುಡಿ ಎಂದರೆ ಬೇವಿನ ಮರದ ಕೆಳಗೆ ಆಳೆತ್ತರದ ಒಂದು ಕೋಣೆ. ದುರುಗಕ್ಕ ನೆಲಕ್ಕೆ ಹಣೆ ಹಚ್ಚಿ, "ಅವ್ವಾ, ತಿಳೀದೆ ಆಗೈತೆ. ನಿನ್ನ ಮರಿ ಕರಿಬಸಿಗೆ ಕೊಡವ್ವಾ, ನಿನಗೆ ಬ್ಯಾರೆ ಬಿಡ್ತೀವಿ" ಎಂದು ಬೇಡಿಕೊಂಡಳು. ಕರಿಬಸಮ್ಮ ಮಗಳ ಕೈ ಬಿಗಿಯಾಗಿ ಹಿಡಿದು ನಿಂತಿದ್ದಳು. ಮೇಡಂ ಹೊರಗಿನ ಕಲ್ಲಿನ ಮೇಲೆ ಕೂತಿದ್ದರು, ಆದರೆ ಬಲಗಡೆಯ ಹೂವನ್ನು ನೋಡಲು ಕತ್ತು ಚಾಚಿ ಚಾಚಿ ಕಲ್ಲಿನಿಂದ ಬೀಳುವುದೊಂದೇ ಬಾಕಿ. ತುಟಿ ಅಲುಗುತ್ತಿತ್ತು. ಯಾರನ್ನು ಬೇಡುತ್ತಿದ್ದರೋ ನಾನು ಕೇಳಲಿಲ್ಲ.

ಎಡಗಡೆಯ ಹೂ ಬಿತ್ತು.

ದೊಡ್ಡಣ್ಣ ಮಂಗಳಾರತಿ ಮಾಡಿ ತಟ್ಟೆ ಹಿಡಿದು ಬಂದ. ಅಮ್ಮಾ, ನನಗೆ ಚೌಡಮ್ಮನ ಮೇಲೆ ಎಂಥಾ ಸಿಟ್ಟು ಬಂತು ಗೊತ್ತಾ? ಊರೆಲ್ಲ ಆಡು ಮೇಯುತ್ತಿರುವಾಗ ಇವಳಿಗೆ ಕರಿಬಸಮ್ಮನ ಮರಿಯೇ ಬೇಕಿತ್ತೇ? ಮನಸ್ಸಿನಲ್ಲೇ ಜಗಳ ಆಡಿದೆ, ಆಮೇಲೆ ಹೆದರಿ ಕೆನ್ನೆ ಬಡಿದುಕೊಂಡೆ.

ಕರಿಬಸಮ್ಮ ಮೇಸ್ತ್ರಿಗೆ ಫೋನ್ ಮಾಡಿಸಿದ್ದಾಳೆ. ಸಂಕ್ರಾಂತಿ ಕಳೆದ ಸೋಮವಾರ ಟೆಂಪೋ ಬರುತ್ತದೆ.

ಸುಚಿತ್ರಾ

---

ಹೊನ್ನಾಳಿ
13 ಜನವರಿ 2025

ಚಿ. ಸುಚಿತ್ರಾ,

ನಾನು ಹೇಳಿದ ಉಪಾಯದಿಂದ ಗಂಟು ಇನ್ನೂ ಬಿಗಿಯಾಯಿತು. ಮೊದಲಾದರೆ ತಿಳಿಯದೆ ಆದದ್ದು ಎನ್ನಬಹುದಿತ್ತು, ಈಗ ದೇವಿಯೇ ಬಾಯಿಬಿಟ್ಟು ಹೇಳಿದ ಹಾಗಾಯಿತು. ನನಗೆ ಬಹಳ ಸಂಕಟವಾಗಿದೆ.

ಒಂದು ಆಡು ಕೊಂಡುಕೊಡಲು ನನ್ನ ಕೈಯಲ್ಲಿ ಆಗುತ್ತದೆ. ಯಾರಿಗೂ ಗೊತ್ತಾಗುವುದು ಬೇಡ. ಸೋಮವಾರಕ್ಕೆ ಮೊದಲು ಸಂತೆಯಲ್ಲಿ ಕೊಂಡು ಕರಿಬಸಮ್ಮನ ಮನೆಗೆ ಕಟ್ಟಿಬಿಡು.

ಮನೆಗೆ ಬಂದುಬಿಡು ಎಂದು ಬರೆಯಲು ಕೂತಿದ್ದೆ. ಅದನ್ನು ಬರೆಯುವುದಿಲ್ಲ. ಎಳ್ಳು ಬೆಲ್ಲ ಇಟ್ಟಿದ್ದೇನೆ, ತಿನ್ನು.

ಅಮ್ಮ

---

ಜಗಳೂರು
21 ಜನವರಿ 2025

ಅಮ್ಮಾ,

ಎಳ್ಳು ಬೆಲ್ಲ ಚೆಲ್ಲದೆ ಬಂತು. ನೀನು ಹೇಳಿದ್ದನ್ನು ಮೇಡಂಗೆ ಹೇಳಿದೆ. ಅವರು ತಲೆ ಅಲ್ಲಾಡಿಸಿಬಿಟ್ಟರು. "ನಿಮ್ಮ ತಾಯಿ ಕೊಟ್ರೂ ಒಂದೇ, ಆಫೀಸು ಕೊಟ್ರೂ ಒಂದೇ. ದಾರಿ ಮೇಲಿಂದ ಕೆಳಗೇ ಆಗ್ತೈತೆ. ಪಕ್ಕದ ಮನೆಯಿಂದ ಬಂದ್ರೆ ಮಾತ್ರ ಅವಳು ತಲೆ ಎತ್ತಿ ತಗಂತಾಳೆ" ಎಂದರು. ನನಗೆ ಆಗ ಅವರ ಮೇಲೂ ಸಿಟ್ಟು ಬಂತು. ಹಸಿದವಳ ಮುಂದೆ ನಿಯಮ ಓದುತ್ತಾರಲ್ಲ ಎನ್ನಿಸಿತು.

ನಿನ್ನೆ ಬೆಳಿಗ್ಗೆ ಬಸ್ಸು ಹಿಡಿದು ಹಟ್ಟಿಗೆ ಹೋದೆ. ಯಾಕೆ ಹೋದೆನೋ ತಿಳಿಯದು, ಕರಿಬಸಮ್ಮನನ್ನು ಕಳಿಸಿಕೊಡುವುದಾದರೂ ನನ್ನ ಕರ್ತವ್ಯ ಎನ್ನಿಸಿತು. ಟೆಂಪೋ ಬಂದು ನಿಂತಿತ್ತು. ಪಾತ್ರೆಯ ಚೀಲ, ಕಂಬಳಿ, ಅರ್ಪಿತಾಳ ಶಾಲೆಯ ಬ್ಯಾಗಿನಲ್ಲಿ ಬಟ್ಟೆ. ಪುಸ್ತಕ ಎಲ್ಲಿ ಎಂದು ಕೇಳಿದೆ. ಗೆಳತಿಗೆ ಕೊಟ್ಟೆ ಎಂದಳು ಹುಡುಗಿ.

ಅಷ್ಟರಲ್ಲಿ ದುರುಗಕ್ಕ ಬಂದಳು, ಬೈಯುತ್ತಲೇ ಬಂದಳು. ಕೈಯಲ್ಲಿ ತನ್ನ ಆಡಿನ ಹಗ್ಗ. ಮರಿಯದಲ್ಲ ಅಮ್ಮಾ, ತಾಯಿಯದು. ನಾವು ಮೊದಲು ಕೊಟ್ಟ ಆ ದೊಡ್ಡ ಕಪ್ಪು ಆಡು. ಅವಳಿಗಿದ್ದ ಆಸ್ತಿ ಅಂದರೆ ಅದೊಂದೇ. ಮುಂದಿನ ಮರಿಗಳನ್ನು ಮಾರಿ ಮನೆಗೆ ಶೀಟು ಹಾಕಿಸುತ್ತೇನೆ ಎಂದು ಹೋದ ಸಲ ನನ್ನನ್ನು ಒಳಗೆ ಕರೆದು ಸೋರುವ ಜಾಗ ತೋರಿಸಿದ್ದಳು.

ಹಗ್ಗವನ್ನು ಕರಿಬಸಮ್ಮನ ಕೈಗೆ ತುರುಕಿ, "ಹಿಡ್ಕ" ಎಂದಳು.

"ಯಕ್ಕಾ, ಇದು ನಿಂದು."

"ನಂದು ಅಂತಲೇ ಕೊಡಾಕೆ ಬಂದೀನಿ. ಮರಿ ಅವ್ವಂದಾತು, ಅದನ್ನ ಕೊಡಾಕೆ ನಾನ್ಯಾರು? ಇದು ನಂದು. ಕಿವಿ ನೋಡು, ಎರಡೂ ನೆಟ್ಟಗೈತೆ. ಇಳಿಸು ಆ ಚೀಲಾನ."

"ನಿನಗೇನು ಉಳೀತು?"

"ಕೇಳಬ್ಯಾಡ ಅದನ್ನ. ಕೇಳಿದ್ರೆ ನನಗೂ ಯೋಚ್ನೆ ಹತ್ತೈತೆ, ವಾಪಸ್ ಹೊಡ್ಕಂಡು ಹೋಗ್ತೀನಿ."

ಮೇಸ್ತ್ರಿ ಹಾರ್ನ್ ಹೊಡೆದ. ಕರಿಬಸಮ್ಮ ಟೆಂಪೋ ನೋಡಿದಳು, ಆಡು ನೋಡಿದಳು. ಆಮೇಲೆ ತಾನೇ ಮೇಲೆ ಹತ್ತಿ ಕಂಬಳಿಯನ್ನು ಕೆಳಗೆ ಎಸೆದಳು. ಅರ್ಪಿತಾ ಪುಸ್ತಕ ಕೇಳಿ ತರಲು ಆಗಲೇ ಓಡಿದ್ದಳು. ನಾನು ಎಲ್ಲರ ಎದುರಿಗೆ ಜೋರಾಗಿ ಅತ್ತುಬಿಟ್ಟೆ. ದುರುಗಕ್ಕ ನನಗೂ ಬೈದಳು.

ಸುಚಿತ್ರಾ

---

ಹೊನ್ನಾಳಿ
3 ಫೆಬ್ರವರಿ 2025

ಚಿ. ಸುಚಿತ್ರಾ,

ನಿನ್ನ ಕಾಗದವನ್ನು ಓದಲು ಅಪ್ಪಾಜಿಗೆ ಕೊಟ್ಟೆ. ಅವರು ಮಂಡಿಗೆ ಹೊರಟಿದ್ದವರು ಚಪ್ಪಲಿ ಹಾಕಿಕೊಂಡೇ ನಿಂತು ಓದಿದರು. ಮುಗಿಸಿ ಮಡಚಿ ನನ್ನ ಕೈಗೇ ಕೊಟ್ಟು, "ಆ ದುರುಗಕ್ಕಂಗೆ ಈಗ ಏನೈತಂತೆ?" ಎಂದರು. ನನಗೂ ಅದೇ ಪ್ರಶ್ನೆ. ನಿಮ್ಮ ಇಂಗ್ಲೆಂಡಿನವರು ಅವಳಿಗೆ ಇನ್ನೊಂದು ಆಡು ಕೊಡಬಾರದೇ? ಇದಕ್ಕೂ ನಿಯಮ ಅಡ್ಡ ಬಂದರೆ ನಿನ್ನ ಮೇಡಂ ವಿಳಾಸ ಕಳಿಸು, ನಾನೇ ಬರೆಯುತ್ತೇನೆ.

ಅಮ್ಮ

---

ಜಗಳೂರು
19 ಮಾರ್ಚ್ 2025

ಅಮ್ಮಾ,

ನಿನ್ನ ಪ್ರಶ್ನೆಯನ್ನು ಮೇಡಂ ನಿನಗಿಂತ ಮೊದಲೇ ಇಂಗ್ಲೆಂಡಿಗೆ ಕೇಳಿದ್ದರು. ಅಲ್ಲಿಂದ ಒಪ್ಪಿಗೆಯೂ ಬಂತು. ದುರುಗಕ್ಕನಿಗೆ ವಿಶೇಷವಾಗಿ ಇನ್ನೊಂದು ಆಡು ಕೊಡಿ, ಹಟ್ಟಿಯ ಕೆಲಸ ಮುಂದುವರಿಸಿ ಎಂದಿದ್ದಾರೆ. ಸಂತೋಷದಿಂದ ಹೇಳಲು ಹೋದೆ. ದುರುಗಕ್ಕ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಳು. ಬಾಗಿಲಲ್ಲಿ ಕಿವಿ ಕುಯ್ದ ಮರಿ ಹಗ್ಗವಿಲ್ಲದೆ ಮಲಗಿತ್ತು. ಕಟ್ಟುವಂತಿಲ್ಲ, ಆದರೂ ಅವಳ ಮನೆ ಬಿಟ್ಟು ಹೋಗುವುದಿಲ್ಲವಂತೆ.

"ಬ್ಯಾಡ" ಎಂದಳು. "ಮುಂದಿನ ಸರದಿ ಲಕ್ಷ್ಮೀದೇವಿದು, ಅವಳಿಗೆ ಕೊಡ್ರಿ. ನಾನು ಒಂದ್ಸಲ ತಗಂಡೀನಿ. ಎರಡನೇ ಸಲ ತಗಂಡ್ರೆ ನಾನು ಕೊಟ್ಟಿದ್ದು ಕೊಟ್ಟಂಗಾಗಲ್ಲ."

ಎಷ್ಟು ಹೇಳಿದರೂ ಕೇಳಲಿಲ್ಲ. ನಾನೂ ಬಿಡಲಿಲ್ಲ. ಹಾಗಾದರೆ ನಿನಗೆ ನಮ್ಮಿಂದ ಏನೂ ಬೇಡವೇ ಎಂದೆ. ರೊಟ್ಟಿ ಮಗುಚಿ ಹಾಕಿ, "ನಿಮ್ಮ ಗುಡೀಲಿ ಆಡು ಕೊಟ್ಟೋರ ಹೆಸರು ಓದ್ತಾರಂತಲ್ಲ, ಹೌದಾ?" ಎಂದು ಕೇಳಿದಳು. ಹೌದು, ವರ್ಷಕ್ಕೊಂದು ಭಾನುವಾರ ಇಲ್ಲಿಯ ಚರ್ಚಿನಲ್ಲಿ ದಾನಿಗಳ ಹೆಸರು ಓದಿ ಅವರಿಗಾಗಿ ಪ್ರಾರ್ಥನೆ ಮಾಡುತ್ತಾರೆ. "ಅದ್ರಾಗೆ ನನ್ನ ಹೆಸರು ಓದ್ರಿ. ಇಲ್ಲೀ ತನಕ ಎಲ್ಲಾ ಕಾಗ್ದದಾಗೂ ದುರುಗಕ್ಕ ತಗಂಡೋಳು ಅಂತಲೇ ಬರ್ದೀರಿ."

ಮೇಡಂಗೆ ಹೇಳಿದಾಗ ಅವರು ದಾನಿಗಳ ಪಟ್ಟಿ ತೆಗೆದು ದುರುಗಕ್ಕನ ಹೆಸರನ್ನು ತಾವೇ ಬರೆದರು.

ಮೊನ್ನೆ ಭಾನುವಾರ ನಾನು ಮೊದಲ ಸಲ ಚರ್ಚಿನ ಒಳಗೆ ಹೋಗಿ ಕೂತೆ. ಅಜ್ಜಿಗೆ ಬೇಕಾದರೆ ಹೇಳು, ಬೇಡವಾದರೆ ಬಿಡು. ಪಾದ್ರಿಗಳು ಹೆಸರು ಓದುತ್ತಾ ಹೋದರು. ಬ್ರಿಸ್ಟಲ್‌ನ ಯಾರೋ ದಂಪತಿ, ಲೀಡ್ಸ್‌ನ ಒಂದು ಭಾನುವಾರದ ಶಾಲೆ. ಆಮೇಲೆ ಅದೇ ದನಿಯಲ್ಲಿ, ತಡವರಿಸದೆ, "ಜಗಳೂರು ತಾಲ್ಲೂಕಿನ ದುರುಗಕ್ಕ, ಒಂದು ಆಡು" ಎಂದು ಓದಿದರು. ಎಲ್ಲರೂ ತಲೆ ಬಾಗಿಸಿದರು. ನಾನು ಕೊರಳ ಲಿಂಗ ಹಿಡಿದುಕೊಂಡು ಕೂತಿದ್ದೆ.

ಸೋಮವಾರ ಹಟ್ಟಿಗೆ ಹೋಗಿ ಹೇಳಿದೆ. ನಗುತ್ತಾಳೋ ಅಳುತ್ತಾಳೋ ಎಂದು ಮುಖ ನೋಡುತ್ತಿದ್ದೆ. ಎರಡೂ ಇಲ್ಲ. ಕೈಯ ಹಿಟ್ಟು ಒರೆಸಿಕೊಂಡು ಕೇಳಿದಳು.

"ನನ್ನ ಹೆಸರಿನ ಕೆಳಗೆ ಜಾಗ ಬಿಟ್ಟೀರೇನು?"

"ಯಾಕೆ?"

"ಕರಿಬಸಿ ಹೆಸರು ಬರಾಕೆ ಬೇಕಲ್ಲ. ಅವಳ ಆಡು ಗಬ್ಬ ಐತೆ."

ನಿನ್ನ
ಸುಚಿತ್ರಾ